ಮಗಳು ಎಳೆ

ಪೇಪರಿನ ಒಳಪುಟದ ನಿಧನವಾರ್ತೆಯಲ್ಲಿ ಅವರ ಸಣ್ಣದೊಂದು ಫೋಟೋ ಹಾಕಿ, ಕೆಳಗೆ 'ನಿವೃತ್ತ ಉಪನ್ಯಾಸಕಿ, ಅವಿವಾಹಿತೆ' ಎಂದು ಅಚ್ಚು ಮಾಡಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಬ್ಬ ಹೆಂಗಸು ಬದುಕಿಡೀ ಮಾಡಿದ್ದನ್ನೆಲ್ಲ ಬಿಟ್ಟು, ಮಾಡದೇ ಇದ್ದ ಒಂದನ್ನು ಹಿಡಿದು ಬರೆಯುವುದು ಎಂಥ ಪದ್ಧತಿ? ಗಂಡಸು ಸತ್ತರೆ 'ಅವಿವಾಹಿತ' ಎಂದು ಯಾರಾದರೂ ಹಾಕುತ್ತಾರೆಯೆ? ಪೇಪರನ್ನು ಮಡಚಿ ಆಚೆ ಇಟ್ಟೆ, ಮತ್ತೆ ತೆಗೆದು ನೋಡಿದೆ. ಫೋಟೋದಲ್ಲಿ ಅವರು ಎಂದಿನಂತೆ ಬಾಯಿ ಬಿಗಿಹಿಡಿದುಕೊಂಡಿದ್ದರು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದು ಹೇಳಲು ಹಕ್ಕಿರುವವರು ಹೇಳಿದ್ದಾರೆ. ಹೇಗೂ ಪುತ್ತೂರಿನ ನಮ್ಮ ಜೂನಿಯರ್ ಕಾಲೇಜಿನಲ್ಲಿ ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಉಳಿದ ನಾವೆಲ್ಲ 'ಸರ್', 'ಮೇಡಂ' ಆದರೂ ಜೀವಶಾಸ್ತ್ರ ಕಲಿಸುತ್ತಿದ್ದ ಅವರೊಬ್ಬರು ಮಾತ್ರ ಎಲ್ಲರ ಬಾಯಲ್ಲೂ 'ಟೀಚರ್'. ಅವರು ಮರ್ಕಂಜದ ಕಡೆಯ ತುಳು ಮನೆತನದವರು, ಪುತ್ತೂರಿನಲ್ಲಿ ಬಾಡಿಗೆ ಕೋಣೆ ಮಾಡಿಕೊಂಡಿದ್ದರು. ನಾನು ಕಬಕದಿಂದ ದಿನಾ ಬಸ್ಸಿನಲ್ಲಿ ಬಂದು ಕನ್ನಡ ಪಾಠ ಮಾಡುತ್ತಿದ್ದವಳು. ಎಪ್ಪತ್ತರ ದಶಕದ ಮೊದಲಿಗೆ ನಾವಿಬ್ಬರೂ ಹೆಚ್ಚುಕಮ್ಮಿ ಒಟ್ಟಿಗೇ ಅಲ್ಲಿ ಸೇರಿದೆವು. ಗಂಡಸರೇ ತುಂಬಿದ್ದ ಸ್ಟಾಫ್ ರೂಮಿನಲ್ಲಿ ಕಿಟಕಿಯ ಬದಿಯ ಮೂಲೆಯನ್ನು ಇಬ್ಬರೂ ಸೇರಿ ಹಿಡಿದುಕೊಂಡೆವು.

ನನಗೆ ಅವರು ಮೊದಲು ಇಷ್ಟವಾದದ್ದು ವಿದ್ಯೆಗಾಗಿ ಅಲ್ಲ, ಕಪ್ಪುಹಲಗೆ ಒರೆಸುತ್ತಿದ್ದದ್ದಕ್ಕೆ. ಕೆಮಿಸ್ಟ್ರಿಯ ಮಹಾನುಭಾವರು ತಮ್ಮ ಸೂತ್ರಗಳನ್ನೆಲ್ಲ ಹಲಗೆಯ ಮೇಲೆ ಹಾಗೆಯೇ ಬಿಟ್ಟು ಹೋಗುತ್ತಿದ್ದರು. ನಾನು ಬೈಯುತ್ತ, ಕೆಮ್ಮುತ್ತ ಒರೆಸಬೇಕಾಗಿತ್ತು. ಟೀಚರ್ ಮಾತ್ರ ಪಾಠ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಮೂಲೆಯಿಂದ ಮೂಲೆಗೆ ಒರೆಸಿ, ಹಲಗೆಯನ್ನು ಕನ್ನಡಿಯ ಹಾಗೆ ಮಾಡಿ ಹೊರಗೆ ಬರುತ್ತಿದ್ದರು. "ಮುಂದಿನ ಪಿರಿಯಡ್ಡಿನವರಿಗೆ ನನ್ನ ಕಸ ಯಾಕೆ?" ಎನ್ನುವುದು ಅವರ ಮಾತು.

ನಮ್ಮ ಹೆಚ್ಚಿನ ಮಕ್ಕಳು ಕನ್ನಡ ಮಾಧ್ಯಮದಿಂದ ಬಂದವರು. ಇಂಗ್ಲಿಷ್ ಪಾಠ ಅವರ ತಲೆಯ ಮೇಲಿಂದ ಹೋಗುತ್ತಿತ್ತು. ಟೀಚರ್ ಒಂದೊಂದು ಶಬ್ದವನ್ನೂ ಕನ್ನಡದಲ್ಲಿ ಹೇಳಿ ಆಮೇಲೆ ಇಂಗ್ಲಿಷಿಗೆ ಹೋಗುವವರು. ಅದಕ್ಕಾಗಿ ನನ್ನ ಬೆನ್ನು ಬೀಳುತ್ತಿದ್ದರು.

"ಪಂಡಿತರೆ, ಸ್ಟ್ರ್ಯಾಂಡ್ ಅಂದರೆ ಎಂತ ಹೇಳುದು?"

"ಎಳೆ."

"ಡಬಲ್ ಹೀಲಿಕ್ಸ್?"

ಪಾಂಡಿತ್ಯ ತೋರಿಸುವ ಅವಕಾಶ ಸಿಕ್ಕಿತೆಂದು 'ದ್ವಿಕುಂಡಲಿ' ಎಂದೆ.

"ಅದು ಬೇಡ. ಮಕ್ಕಳು ಹಾವು ಅಂತ ಎದ್ದು ಓಡಿಯಾರು."

"ಹಾಗಾದರೆ ಜೋಡಿ ಸುರುಳಿ."

"ಅದಕ್ಕಡ್ಡಿಯಿಲ್ಲ. ಈಗ ಇನ್ನೊಂದು. ಸುರುಳಿ ಬಿಚ್ಚಿಕೊಂಡು ಎರಡಾಗುವಾಗ ಹಳೆಯ ಎಳೆಗೆ ಪೇರೆಂಟ್ ಅಂತ ಹೇಳ್ತಾರೆ. ಅದನ್ನು ನೋಡಿಕೊಂಡು ಹೊಸತಾಗಿ ಹುಟ್ಟುದಕ್ಕೆ ಡಾಟರ್."

"ತಾಯಿ ಎಳೆ, ಮಗಳು ಎಳೆ. ಇದಕ್ಕೆ ಪಂಡಿತರು ಯಾಕೆ ಬೇಕು?"

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಮಗ ಎಳೆ ಅಂತ ಇಲ್ಲ ಅಲ್ಲವಾ," ಎಂದು ಹೇಳಿ ಪುಸ್ತಕ ಮುಚ್ಚಿದರು. ಆ ನೋಟ ಆಗ ನನಗೆ ಅರ್ಥವಾಗಲಿಲ್ಲ.

ಆ ಪಾಠದ ಹಿಂದಿನ ದಿನ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೆ ಹಿಂಬಾಲಿಸಿ ಬಂದು, "ನಾಳೆ ಮನೆಯಿಂದ ನಾಲ್ಕು ಬಗೆ ಹೂ ತನ್ನಿ ಮಾರಾಯ್ರೆ. ಮಲ್ಲಿಗೆ, ಅಬ್ಬಲಿಗೆ, ಗೋರಟೆ, ಕೇಪುಳ. ಬಾಳೆನಾರು ನನ್ನಲ್ಲಿ ಉಂಟು," ಎಂದರು. ಏನೋ ಪೂಜೆ ಇರಬೇಕೆಂದು ನಾನು ಮಡಿಯಲ್ಲಿ ಕೊಯ್ದು ಬಾಳೆಲೆಯಲ್ಲಿ ಕಟ್ಟಿಕೊಂಡು ಹೋದೆ. ನೋಡಿದರೆ ಹೂಗಳೆಲ್ಲ ಕ್ಲಾಸಿಗೆ. ನನ್ನ ಹೂಗಳಿಗೆ ಏನು ಗತಿ ಬಂತೆಂದು ನೋಡುವುದಕ್ಕೆ ನಾನೂ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ.

ಟೀಚರ್ ಎರಡು ಬಾಳೆನಾರುಗಳನ್ನು ಎದುರುಬದುರಾಗಿ ಎಳೆದು ಹಿಡಿಸಿದರು. ಒಂದರಲ್ಲಿ ಹೂಗಳನ್ನು ಮನಸ್ಸಿಗೆ ಬಂದ ಹಾಗೆ ಕಟ್ಟುತ್ತ ಹೋದರು. ಇನ್ನೊಂದರಲ್ಲಿ ಮನಸ್ಸಿಗೆ ಬಂದ ಹಾಗೆ ಕಟ್ಟುವಂತಿಲ್ಲ. ಮಲ್ಲಿಗೆಗೆ ಎದುರು ಅಬ್ಬಲಿಗೆಯೇ ಬರಬೇಕು, ಗೋರಟೆಗೆ ಎದುರು ಕೇಪುಳವೇ ಬರಬೇಕು. ಬೇರೆ ಯಾವುದೂ ಅಲ್ಲಿ ಕೂರುವುದಿಲ್ಲ. ಕಟ್ಟಿ ಮುಗಿದ ಮೇಲೆ ಮಾಲೆಯನ್ನು ಬಲಕ್ಕೆ ತಿರುಪಿದರು. "ಇದು ಜೋಡಿ ಸುರುಳಿ. ನಿಮ್ಮ ಮೈಯ ಕಣಕಣದಲ್ಲಿಯೂ ಇಂಥದ್ದು ಉಂಟು. ಹೂ ಯಾವ ಕ್ರಮದಲ್ಲಿ ಬಂದಿದೆ ಅನ್ನುದೇ ಅದರ ಬರವಣಿಗೆ. ನಿಮ್ಮ ಮೂಗು ಹೀಗೆ, ಕೂದಲು ಹಾಗೆ ಅಂತೆಲ್ಲ ಅದರಲ್ಲಿ ಬರೆದುಕೊಂಡಿರ್ತದೆ," ಎಂದರು.

ಆಮೇಲೆ ಸುರುಳಿ ಬಿಚ್ಚಿ ಒಂದು ಎಳೆಯನ್ನು ಹುಡುಗಿಯರ ಬೆಂಚಿಗೂ ಇನ್ನೊಂದನ್ನು ಹುಡುಗರ ಬೆಂಚಿಗೂ ಕೊಟ್ಟು, ಎದುರಿನ ಎಳೆ ಕಟ್ಟಿ ಎಂದರು. ಎರಡು ಕಡೆಯೂ ಮಾಲೆ ತಯಾರಾಯಿತು. ಒಂದೇ ಅಚ್ಚಿನ ಎರಡು ಮಾಲೆಗಳು. ನನಗೆ ವಿಜ್ಞಾನ ಎಂದರೆ ಅಷ್ಟಕ್ಕಷ್ಟೆ, ಆದರೂ ಅದನ್ನು ನೋಡಿ ರೋಮಾಂಚನವಾಯಿತು. ಹುಡುಗರ ಮಾಲೆಯಲ್ಲಿ ಮಾತ್ರ ಒಂದು ಕಡೆ ಮಲ್ಲಿಗೆಗೆ ಎದುರು ಗೋರಟೆ ಕೂತಿತ್ತು. ಕಟ್ಟಿದವನು ನಾಚಿಕೊಂಡು ಕೀಳಲು ಹೋದ.

"ಬೇಡ, ಇರಲಿ," ಎಂದರು ಟೀಚರ್. "ಈ ಎಳೆಯನ್ನು ನೋಡಿಕೊಂಡು ಮುಂದಿನದ್ದು ಕಟ್ಟಿ. ಅದರಲ್ಲಿಯೂ ಇದೇ ತಪ್ಪು ಬರ್ತದೆ. ಅದನ್ನು ನೋಡಿ ಕಟ್ಟಿದ್ದರಲ್ಲಿಯೂ ಬರ್ತದೆ. ತಪ್ಪು ಯಾರೂ ಬೇಕಂತ ಮಾಡಿದ್ದಲ್ಲ. ಆದರೆ ಒಮ್ಮೆ ಕೂತದ್ದು ಮತ್ತೆ ಏಳುದು ಕಷ್ಟ."

ಗೋರಟೆ ಚಳಿಗಾಲದ ಹೂ. ಅದು ಸಿಗುವ ಹೊತ್ತಿಗೆ ಈ ಪಾಠ ಬರಲೆಂದು ಅವರು ಪ್ರತಿವರ್ಷ ಪಾಠಗಳನ್ನು ಹಿಂದೆ ಮುಂದೆ ಮಾಡಿಕೊಳ್ಳುತ್ತಿದ್ದರು.

ಪರೀಕ್ಷೆಯಲ್ಲಿ ಮಕ್ಕಳು ಬರೆದದ್ದನ್ನು ಈಗ ನೆನೆಸಿಕೊಂಡರೂ ನಗು ಬರುತ್ತದೆ. ತುಳು ಮನೆಗಳಲ್ಲಿ ಮನೆತನ ತಾಯಿಯಿಂದ ಮಗಳಿಗೆ ಇಳಿಯುತ್ತದೆ. ಅದನ್ನು 'ಬರಿ' ಎನ್ನುತ್ತಾರೆ. ಕನ್ನಡದಲ್ಲಿ ಬರಿ ಎಂದರೆ ಖಾಲಿ, ತುಳುವಿನಲ್ಲಿ ಅದೇ ಶಬ್ದಕ್ಕೆ ಮನೆ ತುಂಬ ಜನ. ಅಪ್ಪ ಎಷ್ಟು ದೊಡ್ಡ ಮನುಷ್ಯನಾದರೂ ಮಕ್ಕಳದ್ದು ಅಮ್ಮನ ಬರಿ. ಮನೆಯ ಯಜಮಾನಿಕೆ ಅಮ್ಮನ ಅಣ್ಣನದ್ದು. ಆ ಮನೆಗಳ ಮಕ್ಕಳು 'ತಾಯಿ ಎಳೆ, ಮಗಳು ಎಳೆ' ಎಂದು ಕೇಳಿದ್ದೇ ತಡ, ಎಲ್ಲ ಅರ್ಥವಾಯಿತೆಂದುಕೊಂಡು, 'ಡಿಎನ್‌ಎ ತಾಯಿಯಿಂದ ಮಗಳಿಗೆ ಹೋಗುತ್ತದೆ. ಗಂಡುಮಕ್ಕಳಲ್ಲಿ ಇದ್ದರೂ ಅವರೊಂದಿಗೆ ಮುಗಿಯುತ್ತದೆ' ಎಂದು ಬರೆದಿದ್ದರು. ನಮ್ಮ ಹವ್ಯಕರ ಹುಡುಗನೊಬ್ಬ ಇನ್ನೂ ಮುಂದೆ ಹೋಗಿ, 'ಮಗಳು ಎಳೆಯು ಮದುವೆಯಾದ ನಂತರ ಗಂಡನ ಸುರುಳಿಗೆ ಸೇರುತ್ತದೆ' ಎಂದು ಬರೆದಿದ್ದ. ನಾವಿಬ್ಬರೂ ಸ್ಟಾಫ್ ರೂಮಿನಲ್ಲಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗುತ್ತಲೇ ಅವರು ಮುಂದಿನ ಪೇಪರ್ ತೆಗೆದರು. ಅದರಲ್ಲಿ ಹುಡುಗಿಯೊಬ್ಬಳು, 'ಮಗಳು ಎಳೆ ಇಲ್ಲದಿದ್ದರೆ ಬರಿ ಮುಗಿಯುತ್ತದೆ' ಎಂದು ಬರೆದಿದ್ದಳು. ಟೀಚರ್ ನಗು ನಿಲ್ಲಿಸಿ ಕೆಂಪು ಪೆನ್ನು ಕೆಳಗಿಟ್ಟರು. ಅದಕ್ಕೆ ತಪ್ಪೆಂದೂ ಹಾಕಲಿಲ್ಲ, ಸರಿಯೆಂದೂ ಹಾಕಲಿಲ್ಲ.

ಅವರಲ್ಲಿ ಇನ್ನೊಂದು ವಿಚಿತ್ರವಿತ್ತು. ಆಟದ ಬಯಲಿನಲ್ಲಿ ಯಾವನಾದರೂ ಹುಡುಗ ಬಿದ್ದರೆ ಇವರು ಎಲ್ಲಿದ್ದರೂ ಓಡುತ್ತಿದ್ದರು. ಸೆರಗಿನಿಂದ ಅವನ ಮಂಡಿ ಒತ್ತಿ ಹಿಡಿದು, ರಕ್ತ ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಅವರು ಸರಿಯಾಗಿ ಉಸಿರು ಬಿಡುತ್ತಿದ್ದದ್ದು. ತರಚಿದ ಗಾಯಕ್ಕೆ ಇಷ್ಟೆಲ್ಲ ಯಾಕೆಂದು ಡ್ರಿಲ್ ಮಾಸ್ಟರು ತಮಾಷೆ ಮಾಡುತ್ತಿದ್ದರು. ನಾನೂ ಆ ತಮಾಷೆಗೆ ಸೇರುತ್ತಿದ್ದೆ.

ಮದುವೆಯ ಮಾತುಗಳು ಬಂದವು. ಓದಿದವರು, ನೋಡಲು ಲಕ್ಷಣವಾಗಿದ್ದರು, ಮನೆತನ ಒಳ್ಳೆಯದು, ಬಾರದೆ ಇರುತ್ತವೆಯೆ? ಒಂದಕ್ಕೂ ಅವರು ಒಪ್ಪಲಿಲ್ಲ. ನಾನು ಬೈದೆ. ಯಾರನ್ನಾದರೂ ಮನಸ್ಸಿನಲ್ಲಿಟ್ಟುಕೊಂಡಿದ್ದೀರಾ ಎಂದು ಕೆಣಕಿದೆ.

"ನನ್ನ ಮೇಲೆ ಒಂದು ಪ್ರಶ್ನೆಚಿಹ್ನೆ ಉಂಟು ಮಾರಾಯ್ರೆ," ಎಂದರು. "ಅದನ್ನು ಹೊತ್ತುಕೊಂಡು ಇನ್ನೊಬ್ಬರ ಮನೆಗೆ ಹೋಗುದು ಹೇಗೆ?"

ಅದೇನೆಂದು ತಿಳಿದದ್ದು ಅವರ ತಂಗಿಗೆ ಕಡಬದ ಕಡೆಯಿಂದ ಸಂಬಂಧ ಬಂದಾಗ. ಒಂದು ಭಾನುವಾರ ಮಧ್ಯಾಹ್ನ ಅವರ ಕೋಣೆಯಲ್ಲಿ ಗಂಜಿ ಊಟ ಮಾಡಿ ಕೂತಿದ್ದೆವು. ಅವರು ಗೋಡೆಗೊರಗಿ, ಯಾರಿಗೋ ಪಾಠ ಒಪ್ಪಿಸುವ ಹಾಗೆ ಹೇಳಿದರು.

ಅವರಿಗೊಬ್ಬ ತಮ್ಮನಿದ್ದ. ಎಲ್ಲಾದರೂ ಸ್ವಲ್ಪ ತಾಗಿದರೆ ಅವನ ಮೊಣಕಾಲು ಬಾತುಕೊಳ್ಳುತ್ತಿತ್ತು. ಒಂದು ದಿನ ಅವನ ಹಾಲುಹಲ್ಲು ಅಲುಗಾಡುತ್ತಿತ್ತು. ನೂಲು ಕಟ್ಟಿ ಎಳೆದರು. ಹುಡುಗ ಅತ್ತ, ಮನೆಯವರು ನಕ್ಕರು. ಆದರೆ ರಕ್ತ ನಿಲ್ಲಲಿಲ್ಲ. ಬಟ್ಟೆ ಇಟ್ಟರು, ಸೊಪ್ಪು ಅರೆದು ಇಟ್ಟರು, ದೈವಕ್ಕೆ ಹರಕೆ ಹೇಳಿದರು. ಕೊನೆಗೆ ಜೀಪು ಮಾಡಿ ಪುತ್ತೂರಿಗೆ ಹೊರಟರು. ಅಕ್ಕನೇ ಅವನ ಬಾಯಿಗೆ ಬಟ್ಟೆ ಒತ್ತಿ ಹಿಡಿದುಕೊಂಡು ಕೂತಿದ್ದರು. ಜೀಪು ಆಸ್ಪತ್ರೆ ಮುಟ್ಟುವ ಮೊದಲೇ ಅವನು ಅವರ ಮಡಿಲಲ್ಲಿ ತಣ್ಣಗಾದ. ಅಮ್ಮನ ತಮ್ಮನೊಬ್ಬನೂ ಹುಡುಗನಾಗಿದ್ದಾಗ ಹಾಗೆಯೇ ಸತ್ತಿದ್ದನಂತೆ. ದೈವಕ್ಕೆ ಏನೋ ಅಪಚಾರವಾಗಿದೆ ಎಂದು ಮನೆಯವರು ದೈವ ಕಟ್ಟಿಸಿ, ಕುಣಿಸಿ ನೇಮ ಕೊಡಿಸಿದರು.

"ಮಂಗಳೂರಿನಲ್ಲಿ ಬಿಎಸ್ಸಿ ಓದುವಾಗ ಒಂದು ದಿನ ಲೆಕ್ಚರರು ಇಂಗ್ಲೆಂಡಿನ ರಾಣಿಯ ವಂಶದ ಚಿತ್ರ ಬರೆದರು. ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ. ರಕ್ತ ನಿಲ್ಲದೆ ಸತ್ತ ಹುಡುಗರಿಗೆ ಒಳಗೆಲ್ಲ ಸೀಮೆಸುಣ್ಣ ತುಂಬಿದ ಚೌಕ. ಹಿಮೋಫಿಲಿಯಾ ಅಂತ ಹೆಸರು ಹೇಳಿದರು. ಆ ಹಲಗೆಯ ಮೇಲೆ ನಾನು ನನ್ನ ಅಮ್ಮನನ್ನು ನೋಡಿದೆ. ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ಕೂತೆ."

ಮಾಲೆಯ ಲೆಕ್ಕದಲ್ಲಿಯೇ ನನಗೆ ಬಿಡಿಸಿ ಹೇಳಿದರು. ಎರಡು ಎಳೆಗಳಲ್ಲಿ ಒಂದು ಅಮ್ಮನದ್ದು, ಒಂದು ಅಪ್ಪನದ್ದು ಎಂದು ನಾನು ತಿಳಿದುಕೊಂಡಿದ್ದೆ. ಅದು ತಪ್ಪಂತೆ. ಎರಡು ಎಳೆ ಸೇರಿದ್ದೇ ಒಂದು ಮಾಲೆ. ಅಂಥ ಮಾಲೆಗಳು ಅಮ್ಮನ ಕಡೆಯಿಂದ ಒಂದು ಸೆಟ್ಟು, ಅಪ್ಪನ ಕಡೆಯಿಂದ ಒಂದು ಸೆಟ್ಟು. ಒಂದರಲ್ಲಿ ಹೂ ತಪ್ಪಿದ್ದರೂ ಇನ್ನೊಂದು ಹೇಗೋ ಸುಧಾರಿಸಿಕೊಂಡು ಹೋಗುತ್ತದೆ. ಆದರೆ ರಕ್ತ ಹೆಪ್ಪುಗಟ್ಟಿಸುವ ಬರವಣಿಗೆ ಇರುವ ಮಾಲೆ ಹೆಣ್ಣುಮಕ್ಕಳಿಗೆ ಎರಡು, ಗಂಡುಮಕ್ಕಳಿಗೆ ಅಮ್ಮನಿಂದ ಬಂದದ್ದು ಒಂದೇ. ಅದರಲ್ಲಿ ತಪ್ಪಿದರೆ ಸುಧಾರಿಸಲಿಕ್ಕೆ ಬೇರೆ ಇಲ್ಲ. ಹೆಣ್ಣುಮಕ್ಕಳು ತಾವು ಆರೋಗ್ಯವಾಗಿಯೇ ಇದ್ದು ಅದನ್ನು ಹೊತ್ತುಕೊಂಡಿರಬಹುದು, ಹೊರದೆಯೂ ಇರಬಹುದು.

"ನಿಮ್ಮಲ್ಲಿ ಉಂಟಾ ಇಲ್ಲವಾ ಅಂತ ನೋಡಲಿಕ್ಕೆ ಆಗುದಿಲ್ಲವಾ?" ಎಂದು ಕೇಳಿದೆ.

"ನಮ್ಮಲ್ಲಿ ಎಲ್ಲಿ ನೋಡುದು? ಗಂಡುಮಗುವನ್ನು ಹೆತ್ತು ನೋಡಬೇಕು. ಹಾಗೆ ನೋಡಲಿಕ್ಕೆ ನನ್ನಿಂದ ಆಗುದಿಲ್ಲ." ಆಮೇಲೆ, "ತಂಗಿಯದ್ದೂ ಅದೇ ಕಥೆ. ಕಡಬದವರಿಗೆ ಹೇಳದೆ ಮದುವೆ ಮಾಡುದು ಸರಿಯಾ? ನಾಡಿದ್ದು ಮನೆಗೆ ಹೋಗಿ ಹೇಳ್ತೇನೆ," ಎಂದರು.

ಹೋಗಿ ಬಂದರು. ಬಂದವರು ನಾನು ಬಾಯಿ ತೆರೆಯುವ ಮೊದಲೇ, "ಇನ್ನು ಆ ವಿಷಯ ಕೇಳಬೇಡಿ ಪಂಡಿತರೆ. ಬಾಯಿ ಬಿಡುದಿಲ್ಲ ಅಂತ ಆಣೆ ಇಟ್ಟಾಯಿತು," ಎಂದರು. ಮರ್ಕಂಜದಲ್ಲಿ ನಡೆದದ್ದೇನೆಂದು ಬಹಳ ಕಾಲದ ಮೇಲೆ ಅವರ ತಂಗಿಯ ಬಾಯಿಂದಲೇ ಕೇಳಿದೆ. ಮನೆಯ ಚಾವಡಿಯಲ್ಲಿ, ದೈವ ಕೂರುವ ಪೀಠವೆಂದು ನಂಬಿದ್ದ ಉಯ್ಯಾಲೆಯ ಎದುರು ಅವರನ್ನು ನಿಲ್ಲಿಸಿದ್ದರು. ಯಜಮಾನ ಮಾವ, "ನಾಲ್ಕು ಅಕ್ಷರ ಕಲಿತು ಬಂದು ಈ ಬರಿಯ ಹೆಣ್ಣುಮಕ್ಕಳನ್ನೆಲ್ಲ ಮೂಲೆಗೆ ಕೂರಿಸ್ತೀಯಾ? ಹೆಣ್ಣು ಹೋದರೆ ಈ ಮನೆ ಎಲ್ಲಿ ಉಂಟು?" ಎಂದರಂತೆ. ಅಮ್ಮ ಅತ್ತರಂತೆ. ಟೀಚರ್ ತಂಗಿಯ ಕಡೆ ನೋಡಿದರೆ ಅವಳು, "ಅಕ್ಕ, ನನಗೆ ಮಕ್ಕಳು ಬೇಕು," ಎಂದಷ್ಟೇ ಹೇಳಿದಳಂತೆ. ಕೊನೆಗೆ ತಂಗಿಗೆ ಮುಂದೆ ಹುಟ್ಟುವ ಮಕ್ಕಳ ಮೇಲೆಯೇ ಆಣೆ ಇಡಿಸಿದರು. ಅಕ್ಕ ಬಾಯಿ ಬಿಟ್ಟರೆ ಆ ಮಕ್ಕಳಿಗೆ ತಟ್ಟಬೇಕು, ಹಾಗೆ.

ಮದುವೆ ಚೆನ್ನಾಗಿಯೇ ಆಯಿತು. ಮೊದಲನೆಯದು ಗಂಡುಮಗು. ಅದಕ್ಕೆ ಕಿವಿ ಚುಚ್ಚುವ ದಿನ ಟೀಚರ್ ನನ್ನನ್ನೂ ಕಡಬಕ್ಕೆ ಕರೆದುಕೊಂಡು ಹೋದರು. ಅಕ್ಕಸಾಲಿ ಚಿನ್ನದ ತಂತಿ ಹಿಡಿದು ಕೂತಾಗ ಟೀಚರ್ ನನ್ನ ಮುಂಗೈ ಹಿಡಿದುಕೊಂಡರು. ನೋಯುವಷ್ಟು ಬಿಗಿಯಾಗಿ. ಮಗು ಕಿರುಚಿತು. ಒಂದು ಹನಿ ರಕ್ತ ಬಂತು, ಮತ್ತೊಂದು ಬಂತು, ಅಷ್ಟಕ್ಕೇ ನಿಂತಿತು. ಅವರ ಅಮ್ಮ ಅಷ್ಟು ಜನರ ನಡುವಿನಿಂದ ಮಗಳ ಕಡೆ ನೋಡಿದರು. ನೋಡಿದೆಯಾ, ನಿನ್ನ ಪುಸ್ತಕ ಎಲ್ಲಿ ಹೋಯಿತು, ಎನ್ನುವ ಹಾಗೆ. ಬರಿಗೆ ತಟ್ಟಿದ್ದ ದೋಷ ಕಳೆಯಿತೆಂದು ಅವತ್ತು ಪಾಯಸದ ಊಟ.

ಬಸ್ಸಿನಲ್ಲಿ ಬರುವಾಗ, "ಇನ್ನಾದರೂ ನೆಮ್ಮದಿ ಅಲ್ಲವಾ?" ಎಂದೆ. ಅವರು ಮುಂದಿನ ಸೀಟಿನ ಬೆನ್ನಿಗೆ ಕೂತಿದ್ದ ಧೂಳಿನ ಮೇಲೆ ಬೆರಳಿನಿಂದ ಒಂದು ಚೌಕ ಬರೆದು ಖಾಲಿ ಬಿಟ್ಟರು. ಅದರ ಮೇಲೆ ಒಂದು ವೃತ್ತ ಬರೆದು, ಅದರೊಳಗೆ ಪ್ರಶ್ನೆಚಿಹ್ನೆ ಹಾಕಿದರು. ಮಗ ಪಾರಾದ. ಆದರೆ ತಾಯಿಯ ಪ್ರಶ್ನೆ ಹಾಗೆಯೇ ಉಳಿಯಿತು ಎಂದು ಅದರ ಅರ್ಥ. ಪುತ್ತೂರು ಬರುವ ಹೊತ್ತಿಗೆ ಕೈಯಿಂದ ಅದನ್ನು ಒರೆಸಿದ್ದರು.

ಆಮೇಲೆ ಹೆಣ್ಣು ಹುಟ್ಟಿತು. ಬರಿ ಬೆಳಗಲು ಹೆಣ್ಣು ಬಂತೆಂದು ಮರ್ಕಂಜದ ಮನೆಯಲ್ಲಿ ಗಂಡು ಹುಟ್ಟಿದ್ದಕ್ಕಿಂತಲೂ ದೊಡ್ಡ ಸಂಭ್ರಮ. ಟೀಚರ್ ಬೆಳ್ಳಿಯ ಗೆಜ್ಜೆ ಕೊಂಡರು. ಕೊಂಡುಹೋಗುವ ಮೊದಲು ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿದ್ದರು.

ಮಾತು ಕೊಟ್ಟದ್ದನ್ನು ಅವರು ಎಷ್ಟು ಕಟ್ಟುನಿಟ್ಟಾಗಿ ನಡೆಸಿದರೆಂದರೆ, ಕ್ಲಾಸಿನಲ್ಲಿ ಹಿಮೋಫಿಲಿಯಾದ ಪಾಠವನ್ನೂ ಬಾಯಿ ಬಿಟ್ಟು ಮಾಡುತ್ತಿರಲಿಲ್ಲ. ಹಲಗೆಯ ಮೇಲೆ ರಾಣಿಯ ವಂಶ ಬರೆದು, ಕೆಳಗೆ ವಿವರಣೆ ಬರೆದು, ನಕಲು ಮಾಡಿಕೊಳ್ಳಿ ಎಂದು ಕೈಸನ್ನೆ ಮಾಡುತ್ತಿದ್ದರು. ವರ್ಷದಲ್ಲಿ ಒಂದು ದಿನ ಟೀಚರಿಗೆ ಗಂಟಲು ಕಟ್ಟುತ್ತದೆ ಎಂದು ಮಕ್ಕಳು ಆಡಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ಮೊದಲಿಗೆ ಆ ಹುಡುಗಿಯೇ ನಮ್ಮ ಕಾಲೇಜಿಗೆ ಬಂದಳು. ದೊಡ್ಡಮ್ಮನ ಹಾಗೆಯೇ ಎತ್ತರ, ಅದೇ ಬಿಗಿದ ಬಾಯಿ. ಅವಳನ್ನು ದೊಡ್ಡಮ್ಮನ ಕೋಣೆಯಲ್ಲಿ ಬಿಡದೆ ಹಾಸ್ಟೆಲಿನಲ್ಲಿ ಬಿಟ್ಟಿದ್ದರು. ಸೆಕೆಂಡ್ ಪಿಯುಸಿಯ ಅರ್ಧದಲ್ಲಿ ಅವಳ ಅಮ್ಮ ಸ್ಟಾಫ್ ರೂಮಿಗೆ ಬಂದು, "ಅಜ್ಜಾವರದಿಂದ ಒಳ್ಳೆಯ ಸಂಬಂಧ ಬಂದಿದೆ. ಪರೀಕ್ಷೆ ಮುಗಿದ ಕೂಡಲೇ ಮದುವೆ. ಓದು ಇಷ್ಟು ಸಾಕು," ಎಂದು ನನಗೆ ಹೇಳಿದರು. ಹೇಳಿದ್ದು ನನಗಾದರೂ ಕಣ್ಣು ಅಕ್ಕನ ಮೇಲಿತ್ತು. ಅಕ್ಕ ತಲೆ ತಗ್ಗಿಸಿ ಪೇಪರು ತಿದ್ದುತ್ತಲೇ ಇದ್ದರು.

ತಂಗಿ ಹೋದ ಮೇಲೆ ನಾನು ಸುಮ್ಮನಿರಲಿಲ್ಲ. "ಆ ಹುಡುಗಿಗಾದರೂ ಹೇಳಿ. ವಿಜ್ಞಾನ ಓದಿದವರು ನೀವು, ನಿಮಗೆಂತ ಆಣೆ ಮಾರಾಯ್ರೆ?"

"ದೈವ ಉಂಟಾ ಇಲ್ಲವಾ ನನಗೆ ಗೊತ್ತಿಲ್ಲ," ಎಂದರು. "ಅಮ್ಮ ಉಂಟು. ಆಣೆ ಇಟ್ಟದ್ದು ಈ ಮಕ್ಕಳ ಮೇಲೆ. ನಾಳೆ ಇವಳಿಗೆ ಒಂದು ಜ್ವರ ಬಂದರೂ ನಾನು ಬಾಯಿ ಬಿಟ್ಟದ್ದಕ್ಕೆ ಅಂತ ಅಮ್ಮ ಎದೆ ಒಡೆದುಕೊಂಡು ಸಾಯ್ತಾಳೆ. ಬಾಯಿ ಬಿಡದಿದ್ದರೆ ಇವಳ ಮಡಿಲಲ್ಲಿ ಎಂತ ಉಂಟೋ ಯಾರಿಗೆ ಗೊತ್ತು? ನಾನು ಎಲ್ಲಿ ಹೋಗುದು, ನೀವೇ ಹೇಳಿ."

ನನ್ನ ಪಿರಿಯಡ್ಡಿನ ಗಂಟೆ ಹೊಡೆಯಿತು, ಪುಸ್ತಕ ಎತ್ತಿಕೊಂಡು ಎದ್ದೆ.

ಗೋರಟೆ ಬಿಡುವ ಕಾಲ ಬಂತು. ಹೂ ಕೇಳಿದರು, ತಂದುಕೊಟ್ಟೆ. ಮಾಲೆಯ ಪಾಠ ಆಯಿತು. ಕೆಲವು ದಿನಗಳ ಮೇಲೆ ಅವರ ಪಿರಿಯಡ್ಡಿನ ನಂತರ ಅದೇ ಕ್ಲಾಸಿನಲ್ಲಿ ನನ್ನ ಕನ್ನಡ ಇತ್ತು. ಗಂಟೆ ಹೊಡೆದು ನಾನು ಬಾಗಿಲಿಗೆ ಬಂದರೆ ಒಳಗೆ ಉಸಿರಿನ ಸದ್ದೂ ಇಲ್ಲ. ಟೀಚರ್ ಇನ್ನೂ ವೇದಿಕೆಯ ಮೇಲೆ ನಿಂತಿದ್ದರು. ಹಲಗೆ ತುಂಬ ವೃತ್ತಗಳು, ಚೌಕಗಳು. ರಾಣಿಯ ವಂಶವೆಂದುಕೊಂಡು ನೋಡಿದೆ. ರಾಣಿ ಅಲ್ಲಿರಲಿಲ್ಲ.

ಮೇಲೆ 'ಮರ್ಕಂಜ' ಎಂದು ಬರೆದ ಒಂದು ವೃತ್ತ, ಅದರ ಪಕ್ಕದಲ್ಲಿ ಒಂದು ತುಂಬಿದ ಚೌಕ. ಆ ವೃತ್ತದಿಂದ ಕೆಳಗೆ ಮೂರು ಗೆರೆಗಳು. ಒಂದರ ತುದಿಗೆ ಇನ್ನೊಂದು ತುಂಬಿದ ಚೌಕ. ಇನ್ನೊಂದರ ತುದಿಗೆ 'ಪುತ್ತೂರು' ಎಂಬ ವೃತ್ತ, ಒಳಗೆ ಪ್ರಶ್ನೆಚಿಹ್ನೆ. ಅದರಿಂದ ಕೆಳಗೆ ಗೆರೆ ಇರಲಿಲ್ಲ. ಮೂರನೆಯದರ ತುದಿಗೆ 'ಕಡಬ' ಎಂಬ ವೃತ್ತ, ಅದರಲ್ಲಿಯೂ ಪ್ರಶ್ನೆಚಿಹ್ನೆ. ಕಡಬದ ಕೆಳಗೆ ಒಂದು ಖಾಲಿ ಚೌಕ, ಒಂದು ವೃತ್ತ. ಆ ಕೊನೆಯ ವೃತ್ತದೊಳಗೂ ಪ್ರಶ್ನೆಚಿಹ್ನೆ. ಹೆಸರು ಎಲ್ಲಿಯೂ ಇಲ್ಲ.

ಹುಡುಗಿ ತನ್ನ ಜಾಗದಲ್ಲಿ ಎದ್ದು ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಟೀಚರ್," ಎಂದಳು. ಆಮೇಲೆ, "ದೊಡ್ಡಮ್ಮ, ಕೆಳಗಿನ ಆ ವೃತ್ತ ನಾನಾ?"

ಟೀಚರ್ ಬಾಯಿ ತೆರೆಯಲಿಲ್ಲ. ತಲೆಯನ್ನೂ ಆಡಿಸಲಿಲ್ಲ. ಅವಳನ್ನು ನೋಡುತ್ತ ನಿಂತರು. ಕಣ್ಣಿಂದ ನೀರು ಇಳಿದು ಗದ್ದದವರೆಗೆ ಬಂದರೂ ಒರೆಸಿಕೊಳ್ಳಲಿಲ್ಲ. ನಂತರ ಕೆಳಗಿಳಿದು, ಬಾಗಿಲಲ್ಲಿ ನನ್ನನ್ನು ದಾಟಿ ಹೊರಟರು. ಒದ್ದೆ ಬಟ್ಟೆ ಮೇಜಿನ ಮೇಲೆ ಹಾಗೆಯೇ ಬಿದ್ದಿತ್ತು. ಅಷ್ಟು ವರ್ಷಗಳಲ್ಲಿ ಅವರು ಹಲಗೆ ಒರೆಸದೆ ಹೋದದ್ದು ಅದೊಂದೇ ಸಲ.

ನಾನೂ ಒರೆಸಲಿಲ್ಲ. ಹಲಗೆಗೆ ಬೆನ್ನು ಹಾಕಿ ನಿಂತು ಏನೋ ಒಂದು ಪಾಠ ಮಾಡಿದೆ. ಯಾರೂ ಕೇಳಿಸಿಕೊಂಡಿರಲಿಕ್ಕಿಲ್ಲ. ಹುಡುಗಿ ಹಲಗೆಯನ್ನೇ ನೋಡುತ್ತಿದ್ದಳು.

ಕ್ಲಾಸಿನಿಂದ ಸುದ್ದಿ ಊರು ಮುಟ್ಟಿ, ಆ ವಾರವೇ ಇಬ್ಬರಿಗೂ ಮರ್ಕಂಜದಿಂದ ಕರೆ ಬಂತು. ಮತ್ತೆ ಅದೇ ಚಾವಡಿ, ಅದೇ ಉಯ್ಯಾಲೆ. ಅಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಹುಡುಗಿಯೇ. ಯಜಮಾನರು ಮುದುಕರಾಗಿದ್ದರು, ಆದರೆ ಸ್ವರ ಇಳಿದಿರಲಿಲ್ಲ. "ಆಣೆ ಮುರಿದೆ ನೀನು," ಎಂದರಂತೆ.

"ದೊಡ್ಡಮ್ಮ ಒಂದು ಶಬ್ದ ಮಾತಾಡಲಿಲ್ಲ ಅಜ್ಜ," ಎಂದಳಂತೆ ಹುಡುಗಿ. "ಹಲಗೆಯಲ್ಲಿ ಬರೆದರು. ಬಾಯಿ ಬಿಡಲಿಲ್ಲ. ಇಡೀ ಕ್ಲಾಸು ಸಾಕ್ಷಿ ಉಂಟು."

ಅಜ್ಜಿ ಒಂದು ದೊಡ್ಡ ಉಸಿರು ಬಿಟ್ಟು ಕಂಬಕ್ಕೆ ಒರಗಿದರಂತೆ. ಯಜಮಾನರು ಉಯ್ಯಾಲೆಗೆ ಕೈಮುಗಿದು, "ಹಾಗಾದರೆ ಆಣೆ ಉಳಿಯಿತು. ಇನ್ನು ಇದು ಈ ಚಾವಡಿಯಿಂದ ಹೊರಗೆ ಹೋಗಬಾರದು. ನೀನೂ ಇಲ್ಲಿ ನಿಂತು ಆಣೆ ಇಡು," ಎಂದು ಹುಡುಗಿಯನ್ನು ಮುಂದೆ ಕರೆದರು.

"ನಾನು ಇಡುದಿಲ್ಲ," ಎಂದಳಂತೆ ಅವಳು.

ದೊಡ್ಡಮ್ಮನ ಸೆರಗು ಹಿಡಿದುಕೊಂಡೇ ಹೇಳಿದೆ ಮೇಡಂ, ಎಂದು ನನ್ನೊಡನೆ ಅಂದಳು.

ಅಜ್ಜಾವರದವರಿಗೆ ಅವಳೇ ಹೇಳಿದಳು. ಸಂಬಂಧ ಮುರಿಯಿತು. ಸುದ್ದಿ ಹಬ್ಬಿ ಆ ಬರಿಯ ಬೇರೆ ಹುಡುಗಿಯರಿಗೂ ತೊಂದರೆಯಾಯಿತು, ಅದೇ ಬರಿಯ ಹೆಸರಿದ್ದು ರಕ್ತಸಂಬಂಧವೇ ಇಲ್ಲದ ದೂರದ ಮನೆಗಳವರಿಗೂ ಆಯಿತು. ಜನರಿಗೆ ಬರಿಯ ಹೆಸರು ಗೊತ್ತಿತ್ತು, ಹೂ ಎಲ್ಲಿ ತಪ್ಪಿದೆ ಎನ್ನುವುದು ಯಾರಿಗೆ ಬೇಕು? ಅದು ಟೀಚರಿಗೆ ದೊಡ್ಡ ಸಂಕಟ. ತಂಗಿ ಅಕ್ಕನ ಜೊತೆ ಮಾತು ಬಿಟ್ಟರು. ಅಮ್ಮ ಸತ್ತಾಗ ಟೀಚರ್ ಅಂಗಳದಲ್ಲಿಯೇ ನಿಂತು ಕೈಮುಗಿದು ಬಂದರು, ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಅವರು ಮಾಡಿದ್ದು ಸರಿಯೇ ಎಂದು ನಾನು ಎಷ್ಟು ಸಲ ಹೇಳಿದರೂ ಅವರ ಮುಖ ಹಗುರಾಗಲಿಲ್ಲ. ಒಂದೇ ಒಂದು ಸಲ, ಹೂ ಕಟ್ಟುತ್ತ ಕೂತಿದ್ದವರು ತಲೆಯೆತ್ತಿ, "ಮಗಳು ಎಳೆ ತಾಯಿ ಎಳೆಯನ್ನು ನೋಡಿಕೊಂಡೇ ಬರುದು ಅಂತ ಇಷ್ಟು ವರ್ಷ ಪಾಠ ಮಾಡಿದೆ ಪಂಡಿತರೆ. ಇವಳೊಬ್ಬಳು ಬೇರೆ ಹೂ ಕಟ್ಟಿದಳು," ಎಂದು ಸಣ್ಣದಾಗಿ ನಕ್ಕರು.

ಆ ಹುಡುಗಿ ಮುಂದೆ ಓದಿದಳು. ಅಂಥ ಪರೀಕ್ಷೆಗಳು ದೊಡ್ಡ ಊರುಗಳಿಗೆ ಬಂದ ಮೇಲೆ ಹೋಗಿ ರಕ್ತ ಕೊಟ್ಟು ಬಂದಳು. ಪ್ರಶ್ನೆಚಿಹ್ನೆಗೆ ಉತ್ತರ ಏನು ಬಂತೆಂದು ನನಗೆ ಗೊತ್ತು. ಅದು ಅವಳ ಮಾತು. ನಾನು ಬರೆಯುವುದಿಲ್ಲ.

ಪೇಪರು ನೋಡಿದ ದಿನ ಸಂಜೆ ಅವಳೇ ಫೋನು ಮಾಡಿದಳು. ಕೊನೆಯವರೆಗೆ ದೊಡ್ಡಮ್ಮನನ್ನು ನೋಡಿಕೊಂಡವಳು ಅವಳೇ. ದೊಡ್ಡಮ್ಮನ ಬಗ್ಗೆ ಬರೆಯಿರಿ, ಹೆಸರು ಮಾತ್ರ ಬೇಡ, ಎಂದಳು. ನನ್ನ ಸಿಟ್ಟು ಇನ್ನೂ ಆರಿರಲಿಲ್ಲ.

"ಪೇಪರಿಗೆ ಆ 'ಅವಿವಾಹಿತೆ' ಅಂತ ಕೊಟ್ಟವರು ಯಾರು? ಅಷ್ಟು ಪಾಠ ಮಾಡಿದವರಿಗೆ ಹಾಕಲಿಕ್ಕೆ ಅದೊಂದೇ ಸಿಕ್ಕಿತಾ?"

"ನಾನೇ ಹಾಕಿಸಿದ್ದು ಮೇಡಂ," ಎಂದಳು. "ಮದುವೆ ಆಗದೆ ಇದ್ದದ್ದು ದೊಡ್ಡಮ್ಮ ಮಾಡಿದ ಕೆಲಸ. ಅದನ್ನೂ ಮುಚ್ಚಿಡುದಾ?"